ಬಿಸಿಲ ಗುಡ್ಡಗಳ ಬೆನ್ನು ಹತ್ತಿ

ದಾವಣಗೆರೆಯಲ್ಲಿ ಯಾರಿಗಾದರೂ ಬೆಟ್ಟ ಹತ್ತುವ ಆಸೆ ಹುಟ್ಟಿತೆಂದರೆ ಬೈಕು ತಿರುಗುವುದು ಪಡುವಣಕ್ಕೇ. ಶನಿವಾರ ಸಂಜೆ ಹೊರಟರೆ ಕೊಡಚಾದ್ರಿ, ಇಲ್ಲವೇ ಮುಳ್ಳಯ್ಯನಗಿರಿ. ಭಾನುವಾರ ರಾತ್ರಿ ಕೆಸರು ಮೆತ್ತಿದ ಬೂಟು, ಉಂಬಳ ಕಚ್ಚಿದ ಕಾಲು, ಮೊಬೈಲಿನ ತುಂಬ ಮಂಜಿನ ಪಟ. ಮಲೆನಾಡಿನ ಚೆಲುವಿಗೆ ಎರಡು ಮಾತಿಲ್ಲ. ಆದರೆ ಊರಿನ ಮೂಡಣಕ್ಕೆ, ಬಡಗಣಕ್ಕೆ, ಬೆಳಗ್ಗೆ ಹೋಗಿ ಕತ್ತಲಾಗುವ ಹೊತ್ತಿಗೆ ಮನೆ ಸೇರುವಷ್ಟು ಹತ್ತಿರದಲ್ಲಿ ನಮ್ಮವೇ ಗುಡ್ಡಗಳು ಸಾಲುಗಟ್ಟಿ ನಿಂತಿವೆ. ಅವುಗಳ ಹೆಸರೆತ್ತಿದರೆ ಸಿಗುವ ಉತ್ತರ ಒಂದೇ: 'ಅಲ್ಲೇನೈತಿ, ಬರೀ ಬಿಸಿಲು, ಜಾಲಿ.'

ಆ ಉತ್ತರ ನನಗೆ ಒಪ್ಪಿಗೆಯಿಲ್ಲ. ಒಪ್ಪಿಗೆ ಯಾಕಿಲ್ಲ ಎಂಬುದನ್ನು ಕೂತು ವಾದಿಸುವುದಕ್ಕಿಂತ ಕರೆದುಕೊಂಡು ಹೋಗಿ ತೋರಿಸುವುದು ಸುಲಭ. ರಾಜಸ್ಥಾನದವರು ಜೈಸಲ್ಮೇರ್ ಮತ್ತು ಬಾಡ್‌ಮೇರ್ ಜಿಲ್ಲೆಗಳ 3,162 ಚದರ ಕಿಲೋಮೀಟರ್ ಒಣನೆಲವನ್ನು 1980ರಲ್ಲಿ ಮರುಭೂಮಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿ ಜಗತ್ತನ್ನು ಅಲ್ಲಿಗೆ ಕರೆದರು. ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಉದ್ಯಾನದ ಬಂಡೆಗಳ ನಡುವೆ ಅರ್ಧ ದಿನ ನಡೆಯಲು ಜನ ವಿಮಾನ ಹತ್ತಿ ಹೋಗುತ್ತಾರೆ. ನಮ್ಮದು ಮರುಭೂಮಿಯಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಸಹ್ಯಾದ್ರಿಯ ಮಳೆನೆರಳಿನಲ್ಲಿ ಕೂತ ಬಯಲುಸೀಮೆ. ಆದರೂ ಒಣನೆಲದಲ್ಲಿ ಕಾಲು ಹೇಗೆ ನಡೆಯಬೇಕು, ಕಣ್ಣು ಹೇಗೆ ನೋಡಬೇಕು ಎಂಬ ಪಾಠ ಅಲ್ಲಿಯೂ ಇಲ್ಲಿಯೂ ಒಂದೇ.

ಹೊಸಬರಿಗೆ ನಾನು ಮೊದಲು ತೋರಿಸುವುದು ಕೊಂಡಜ್ಜಿ. ದಾವಣಗೆರೆಗೂ ಹರಿಹರಕ್ಕೂ ಸಮೀಪದ ಊರು. ಒಂದು ಕೆರೆ, ಅದಕ್ಕೆ ಆತುಕೊಂಡಂತೆ ಗುಡ್ಡ, ಅಲ್ಲೇ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ. ಸ್ಕೌಟ್ ಚಳವಳಿಯನ್ನು ರಾಜ್ಯದಲ್ಲಿ ಬೆಳೆಸಿದವರಲ್ಲಿ ಒಬ್ಬರಾದ ಕೊಂಡಜ್ಜಿ ಬಸಪ್ಪನವರ ಊರಿದು. ಈ ಭಾಗದಲ್ಲಿ ಓದಿದ ಎಷ್ಟೋ ಮಕ್ಕಳು ಟೆಂಟಿನಲ್ಲಿ ಮೊದಲ ಸಲ ಮಲಗಿದ್ದು ಇಲ್ಲಿಯೇ. ಗುಡ್ಡ ದೊಡ್ಡದಲ್ಲ, ಹತ್ತಲು ದಮ್ಮು ಕಟ್ಟಬೇಕಾಗಿಲ್ಲ. ಹೊತ್ತು ಮೂಡುವ ಮೊದಲೇ ಹೊರಟರೆ ನವಿಲಿನ ಕೂಗು ಜೊತೆಗಿರುತ್ತದೆ. ಮೇಲೆ ನಿಂತರೆ ಕಾಣುವುದು ನಮ್ಮ ಜಿಲ್ಲೆಯ ಬದುಕಿನ ನಕ್ಷೆ. ಭದ್ರಾ ನಾಲೆಯ ನೀರು ತಲುಪಿದ ಕಡೆ ಭತ್ತದ ಗದ್ದೆಯ ಎಳೆಹಸಿರು, ತೆಂಗು, ಅಡಿಕೆ. ತಲುಪದ ಕಡೆ ಮೆಕ್ಕೆಜೋಳ ಕೊಯ್ದ ಹೊಲದ ಕೂಳೆ, ಕೆಂಪು ಮಣ್ಣು, ಒಂಟಿ ಬೇವಿನ ಮರ. ಎರಡರ ನಡುವಿನ ಗೆರೆ ಅಷ್ಟು ದೂರದಿಂದಲೂ ಕಣ್ಣಿಗೆ ಹೊಡೆಯುತ್ತದೆ. ಆ ಗೆರೆಯ ಆಚೆಗಿರುವ ನಾಡಿನೊಳಗೇ ನಾನು ನಿಮ್ಮನ್ನು ಕರೆದೊಯ್ಯಬೇಕಾಗಿರುವುದು.

ದಾವಣಗೆರೆಯಿಂದ ಜಗಳೂರಿನ ರಸ್ತೆ ಹಿಡಿದರೆ ಅಣಜಿ ಸಿಗುತ್ತದೆ. ಕದಂಬರ ಕೃಷ್ಣವರ್ಮನಿಗೂ ಪಲ್ಲವ ನಣಕ್ಕಾಸನಿಗೂ ಕಾಳಗ ನಡೆದದ್ದನ್ನು ಹೇಳುವ ಶಾಸನ ಸಿಕ್ಕ ಊರು. ಅಲ್ಲಿಂದ ಮುಂದೆ ನೀರಿನ ಗುರುತುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ದೂರದ ದಿಬ್ಬಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಜಗಳೂರು ಬರದ ತಾಲ್ಲೂಕೆಂದೇ ಹೆಸರಾದದ್ದು. ಈಚಿನ ವರ್ಷಗಳಲ್ಲಿ ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರೆತ್ತಿ ಈ ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆ ಕೈಗೂಡುತ್ತಾ ಬಂದಿದೆ. ಕೋಡಿ ಬಿದ್ದ ಕೆರೆಗೆ ಬಾಗಿನ ಕೊಡಲು ಊರಿಗೆ ಊರೇ ಸೇರುವ ಸಂಭ್ರಮ ಕಂಡವರಿಗೆ ಗೊತ್ತು, ಇಲ್ಲಿ ನೀರಿಗೆ ಎಂಥ ಬೆಲೆ ಎಂದು. ಒಣಗುಡ್ಡದ ಚೆಲುವನ್ನು ಹೊಗಳುವ ಭರದಲ್ಲಿ ಬರವನ್ನು ಹೊಗಳಿದಂತಾಗಬಾರದು. ಬರ ಜನರ ಸಂಕಟ. ಗುಡ್ಡದ ಒಣತನ ಅದರ ಸ್ವಭಾವ. ಕೆರೆಗೆ ನೀರು ಬರಲಿ. ಗುಡ್ಡ ತನ್ನ ಪಾಡಿಗೆ ಇರಲಿ.

ಈ ತಾಲ್ಲೂಕಿನಲ್ಲಿದೆ ರಂಗಯ್ಯನದುರ್ಗ. 2011ರಲ್ಲಿ ಇಲ್ಲಿನ ಸುಮಾರು 77 ಚದರ ಕಿಲೋಮೀಟರ್ ಗುಡ್ಡಗಾಡನ್ನು ಕೊಂಡುಕುರಿಗೆಂದೇ ವನ್ಯಜೀವಿ ಧಾಮವಾಗಿ ಘೋಷಿಸಿದರು. ಹುಲಿಗೆ, ಆನೆಗೆ ಕಾಡು ಮೀಸಲಿಡುವುದನ್ನು ಎಲ್ಲರೂ ಕೇಳಿದ್ದೇವೆ. ಇಪ್ಪತ್ತು ಕಿಲೋ ಆಸುಪಾಸು ತೂಗುವ, ಜಾತ್ರೆಯ ಆಡಿಗಿಂತ ದೊಡ್ಡದಲ್ಲದ ಒಂದು ನಾಚಿಕೆಯ ಪ್ರಾಣಿಗಾಗಿ ಇಷ್ಟು ನೆಲ ಎತ್ತಿಟ್ಟದ್ದು ದಾವಣಗೆರೆ ಜಿಲ್ಲೆಗೆ ದೊಡ್ಡ ಗೌರವವೆಂದೇ ನಾನು ತಿಳಿಯುತ್ತೇನೆ. ಬೆಣ್ಣೆದೋಸೆಯ ಬಗ್ಗೆ ನಾವು ಪಡುವ ಹೆಮ್ಮೆಯಲ್ಲಿ ಕಾಲುಭಾಗವಾದರೂ ಈ ಪ್ರಾಣಿಗೆ ಸಲ್ಲಬೇಕು.

ಅರಣ್ಯ ಇಲಾಖೆಯ ಅನುಮತಿ ಪಡೆದು, ಇಲಾಖೆಯ ಕಾವಲುಗಾರರೊಬ್ಬರ ಜೊತೆಯಲ್ಲಿ ನಾನು ಆ ಗುಡ್ಡಗಳಲ್ಲಿ ನಡೆದದ್ದು ಮಾಘ ಮುಗಿದು ಫಾಲ್ಗುಣ ಕಾಲಿಡುವ ಹೊತ್ತಿನಲ್ಲಿ. ಬೆಳಗಿನ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕಾಲುದಾರಿ ಒಂದು ಒಣಹಳ್ಳದ ಗುಂಟ ಸಾಗಿ ಮೆಲ್ಲಗೆ ಮೇಲೇರುತ್ತಿತ್ತು. ಬಾದೆಹುಲ್ಲು ಸೊಂಟದೆತ್ತರಕ್ಕೆ ಬೆಳೆದು ಹೊಂಬಣ್ಣಕ್ಕೆ ತಿರುಗಿತ್ತು. ಬಂದರಿಕೆಯ ಪೊದೆಗಳ ಎಲೆ ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಆ ಎಲೆಯ ಮೇಲಿನ ಅಂಟಿನ ಲೇಪವೇ ಅದನ್ನು ಬಿಸಿಲಿನಿಂದ ಕಾಯುವುದು. ಒಳಗಿನ ತೇವವನ್ನು ಅದು ಹೊರಗೆ ಬಿಟ್ಟುಕೊಡುವುದಿಲ್ಲ. ದನ, ಆಡು ಯಾವುದೂ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ, ಹಾಗಾಗಿ ಕಲ್ಲುಮರಡಿಯಲ್ಲೂ ಅದು ಸೊಂಪಾಗಿರುತ್ತದೆ. ತಂಗಡಿ ಹೂ ಬಿಟ್ಟಿತ್ತು. ದಿಂಡಿಗದ ಮರಗಳು ಉದುರುವ ಮುನ್ನ ತಾಮ್ರದ ಬಣ್ಣಕ್ಕೆ ತಿರುಗಿದ ಎಲೆಗಳನ್ನು ಒಂದಿಷ್ಟು ಉಳಿಸಿಕೊಂಡಿದ್ದವು. ನಡುನಡುವೆ ಮುತ್ತುಗ. ಒಂದೂ ಎಲೆಯಿಲ್ಲದ ಕೊಂಬೆಯ ಮೇಲೆ ಹೂವೇ ಹೂವು. ಎಲೆ ಮರೆಮಾಡದ ಕಾಲವನ್ನೇ ಅದು ಹೂವಿಗೆ ಆರಿಸಿಕೊಂಡಿದೆ. ದೂರದ ಹಕ್ಕಿಗೂ ಆ ಕೆಂಪು ಕಾಣುತ್ತದೆ, ಮಧುವಿಗೆ ಬಂದ ಹಕ್ಕಿ ಪರಾಗ ಹೊತ್ತು ಹೋಗುತ್ತದೆ.

ಎಲೆಯುದುರಿದ ಈ ಕಾಡನ್ನು ಸತ್ತ ಕಾಡೆಂದು ಭಾವಿಸುವವರೇ ಹೆಚ್ಚು. ಬೇಸಿಗೆಯ ಮುನ್ನ ಎಲೆ ಚೆಲ್ಲುವುದು ಮರದ ಲೆಕ್ಕಾಚಾರ. ಎಲೆ ಇದ್ದರೆ ಅದರ ಮೂಲಕ ನೀರು ಆವಿಯಾಗುತ್ತದೆ. ಬೇರಿಗೆ ನೀರು ಸಿಗದ ತಿಂಗಳುಗಳಲ್ಲಿ ಆ ಖರ್ಚನ್ನು ಮರ ನಿಲ್ಲಿಸಿಬಿಡುತ್ತದೆ. ಉದುರಿದ ದರಗು ನೆಲದ ಮೇಲೆ ಹಾಸಿಕೊಂಡು ಮಣ್ಣಿನ ತೇವ ಆರದಂತೆ ನೋಡಿಕೊಳ್ಳುತ್ತದೆ, ಗೆದ್ದಲಿಗೆ ಮೇವಾಗುತ್ತದೆ. ಗೆದ್ದಲಿದ್ದಲ್ಲಿ ಕರಡಿ. ಕಾವಲುಗಾರರು ತೋರಿಸಿದ ಒಂದು ಹುತ್ತ ಎದೆಯೆತ್ತರವಿತ್ತು. ಅದರ ಪಕ್ಕೆಯನ್ನು ಹಿಂದಿನ ರಾತ್ರಿಯೋ ಅದರ ಹಿಂದಿನ ರಾತ್ರಿಯೋ ಕರಡಿಯೊಂದು ಉಗುರಿನಿಂದ ಬಗೆದಿತ್ತು, ಒಳಗಿನ ಮಣ್ಣಿನ್ನೂ ಹಸಿಯಾಗಿ ಕಾಣುತ್ತಿತ್ತು. ಕಾರೆ, ಕವಳಿ, ಬಾರೆಹಣ್ಣಿನ ಕಾಲದಲ್ಲಿ ಅದರ ಊಟ ಬೇರೆ. ಹಣ್ಣು ತಿಂದು ಬೀಜವನ್ನು ಗುಡ್ಡದ ತುಂಬ ಹರಡುವ ಕೆಲಸ ಅದರದೇ. ಹೀಗಿರುವಾಗ ಇಲ್ಲಿ ಬೀಜದುಂಡೆ ಎಸೆಯಲು ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬರುವವರಿಗೆ ಏನು ಹೇಳಬೇಕು? ಮಕ್ಕಳು ಬರಲಿ, ನೋಡಲಿ. ಬಿತ್ತುವವರು ಇಲ್ಲಿ ಆಗಲೇ ಇದ್ದಾರೆ.

ಕೊಂಡುಕುರಿಯ ಗುರುತು ಮೊದಲು ಸಿಕ್ಕಿದ್ದು ಹಿಕ್ಕೆಯ ರೂಪದಲ್ಲಿ. ಅದಕ್ಕೊಂದು ಅಭ್ಯಾಸವಿದೆ: ತನ್ನ ವಾಸದ ಸೀಮೆಯಲ್ಲಿ ಗೊತ್ತಾದ ಕೆಲವು ಜಾಗಗಳಿಗೇ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ಹಳೆಯದು ಬಿಳಿಚಿಕೊಂಡು, ಹೊಸದು ಕಪ್ಪಾಗಿ, ಒಂದೇ ಕಡೆ ರಾಶಿ. ಎಣಿಕೆಗೆ ಹೋಗುವವರು ಈ ರಾಶಿಗಳನ್ನೇ ನೆಚ್ಚುತ್ತಾರೆ, ಏಕೆಂದರೆ ಪ್ರಾಣಿ ಕಣ್ಣಿಗೆ ಬೀಳುವುದು ಅಪರೂಪ. ಜಿಂಕೆಯ ಹಾಗೆ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ ಇರುತ್ತದೆ. ಅಪಾಯ ಕಂಡರೆ ಓಡುವ ಮುನ್ನ ಹುಲ್ಲಿನಲ್ಲಿ ಕಲ್ಲಾಗಿ ನಿಲ್ಲುತ್ತದೆ. ಇಡೀ ಭೂಮಿಯ ಮೇಲೆ ಇದು ಕಾಡಿನಲ್ಲಿ ಬದುಕಿರುವುದು ಭಾರತ ಮತ್ತು ನೇಪಾಳದಲ್ಲಿ ಮಾತ್ರ. ನಾಲ್ಕು ಕೊಂಬು ಬೆಳೆಯುವ ಕಾಡುಪ್ರಾಣಿ ಬೇರೊಂದಿಲ್ಲ. ಹಿಂದಿನ ಜೋಡಿ ಬೆರಳುದ್ದ, ಹಣೆಯ ಮೇಲಿನ ಮುಂದಿನ ಜೋಡಿ ಗುಬುಟಿನಷ್ಟು. ಅದೂ ಗಂಡಿಗೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿಯ ಸಾಲಿನಲ್ಲೇ, ಇದರ ಹೆಸರಿದೆ.

ಬಿಸಿಲು ಏರುತ್ತಿತ್ತು. ಹಳ್ಳದ ಒಂದು ತಿರುವಿನಲ್ಲಿ ಮಡುಗಟ್ಟಿದ ಸ್ವಲ್ಪ ನೀರಿತ್ತು. ಈ ಪ್ರಾಣಿ ದಿನವೂ ನೀರು ಕುಡಿಯಲೇಬೇಕು. ನೀರಿನಿಂದ ಬಹುದೂರ ಹೋಗುವುದಿಲ್ಲ. ನಾವು ಬಂಡೆಯ ಮರೆಯಲ್ಲಿ ಮಾತಿಲ್ಲದೆ ಕೂತೆವು. ಕುಟ್ರುವೊಂದು ಕುಟುರ್ ಕುಟುರ್ ಎಂದು ಗಂಟಲು ಹರಿಯುವಂತೆ ಕೂಗುತ್ತಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಕಾವಲುಗಾರರು ಗಲ್ಲದಿಂದಲೇ ಎದುರಿನ ಇಳುಕಲನ್ನು ತೋರಿಸಿದರು. ನನಗೆ ಮೊದಲು ಏನೂ ಕಾಣಲಿಲ್ಲ, ಹುಲ್ಲು ಮತ್ತು ಹುಲ್ಲಿನ ಬಣ್ಣದ ನೆಲ. ಆ ನೆಲದ ಒಂದು ತುಂಡಿಗೆ ಕಿವಿ ಬಂತು. ಕೊಂಡುಕುರಿ. ಹೆಣ್ಣು, ಹಾಗಾಗಿ ಒಂದು ಕೊಂಬೂ ಇಲ್ಲ. ಮುಂಗಾಲಿನ ಮುಂಭಾಗದಲ್ಲಿ ಕಪ್ಪು ಗೆರೆ, ಒದ್ದೆ ಮೂಗು, ದೊಡ್ಡ ಕಣ್ಣು. ನೀರಿನತ್ತ ಒಂದೊಂದೇ ಹೆಜ್ಜೆ ಇಟ್ಟು ಬಂದು, ನಿಂತು, ತಲೆ ಎತ್ತಿ ಗಾಳಿ ಮೂಸಿತು. ನಮ್ಮ ವಾಸನೆ ಹೋಗಿರಬೇಕು. ಚಿಮ್ಮಿ ಚಿಮ್ಮಿ ಪೊದೆ ಹಾರಿ ಮರೆಯಾಯಿತು. ನೀರು ಕುಡಿಯದೆ ಹೋಯಿತಲ್ಲ ಎಂಬ ಸಂಕಟಕ್ಕೆ ನಾವು ಬೇಗನೆ ಎದ್ದು ಆ ಜಾಗ ಬಿಟ್ಟೆವು. ನೀರಿನ ಹತ್ತಿರ ಕೂತು ಕಾಯುವವರು ಇದನ್ನು ನೆನಪಿಡಬೇಕು. ನಮಗೆ ಒಂದು ಪಟ ಸಿಗದಿದ್ದರೆ ಏನೂ ಆಗುವುದಿಲ್ಲ, ಅದಕ್ಕೆ ಆ ಹೊತ್ತಿನ ನೀರು ತಪ್ಪಿದರೆ ಆಗುತ್ತದೆ.

ಮೇಲೆ ಹತ್ತಿದಾಗ ನೆತ್ತಿ ಬಿಸಿಲು. ಕಟ್ಟಿಕೊಂಡು ಹೋಗಿದ್ದ ಖಾರ ಮಂಡಕ್ಕಿ, ಶೇಂಗಾ, ಮಜ್ಜಿಗೆ ಬಂಡೆಯ ನೆರಳಿನಲ್ಲಿ ಖಾಲಿಯಾದವು. ಕೂತ ಬಂಡೆಯ ವಯಸ್ಸನ್ನೂ ಹೇಳಬೇಕು. ಚಿತ್ರದುರ್ಗ, ದಾವಣಗೆರೆಯ ಈ ಸೀಮೆಯಲ್ಲಿ ಹಾಯುವ ಶಿಲಾಪಟ್ಟಿಗಳು 250 ಕೋಟಿ ವರ್ಷಕ್ಕೂ ಹಳೆಯವು. ಹಿಮಾಲಯ ಇವುಗಳ ಮುಂದೆ ಹಸುಗೂಸು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಕಡಲಡಿಯಲ್ಲಿ ಉಕ್ಕಿದ ಲಾವಾ ನೀರಿಗೆ ತಣಿದು ದಿಂಬುಗಳಂತೆ ಗಟ್ಟಿಯಾಗಿ ಇಂದಿಗೂ ನಿಂತಿದೆ, ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ. ಇಷ್ಟು ಒಣಗಿದ ಸೀಮೆ ಒಂದು ಕಾಲಕ್ಕೆ ಕಡಲ ತಳವಾಗಿತ್ತು. ಮಲೆನಾಡಿನ ಬೆಟ್ಟದಲ್ಲಿ ಹಸಿರು ಕಲ್ಲನ್ನು ಮುಚ್ಚಿರುತ್ತದೆ. ಇಲ್ಲಿ ಭೂಮಿಯ ಎಲುಬು ಕಣ್ಣಿಗೆ ಕಾಣುತ್ತದೆ, ಕೈಯಿಟ್ಟು ಮುಟ್ಟಬಹುದು. ಒಣನೆಲದ ನಡಿಗೆ ಕೊಡುವ ದೊಡ್ಡ ಸುಖ ಇದೇ ಎಂದು ನನ್ನ ಅನಿಸಿಕೆ.

ಇದಕ್ಕಿಂತ ಬೇರೆ ಬಗೆಯದು ಉಚ್ಚಂಗಿದುರ್ಗದ ಏರು. ಹರಪನಹಳ್ಳಿ ತಾಲ್ಲೂಕಿನ ಈ ಊರು 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು, ಆಮೇಲೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಭಕ್ತರಿಗೆ ಜಿಲ್ಲೆಯ ಗಡಿಯ ಹಂಗಿಲ್ಲ; ಹುಣ್ಣಿಮೆ ಬಂತೆಂದರೆ ದಾವಣಗೆರೆಯ ಬಸ್ಸುಗಳು ತುಂಬಿ ತುಳುಕುತ್ತವೆ. ಕೋಟೆಯ ಬಾಗಿಲುಗಳನ್ನು ದಾಟಿ, ಮೆಟ್ಟಿಲು ಏರಿ, ಹೊಂಡಗಳ ಪಕ್ಕದಲ್ಲಿ ಹಾಯ್ದು ಉಚ್ಚಂಗೆಮ್ಮನ ಗುಡಿ ಸೇರಬೇಕು. ಉಚ್ಚಂಗಿಯ ಪಾಂಡ್ಯರು ನೊಳಂಬವಾಡಿಯನ್ನು ಆಳಿದ್ದು ಇಲ್ಲಿಂದ. ಹೊಯ್ಸಳ ಎರಡನೇ ಬಲ್ಲಾಳ ಈ ಕೋಟೆಯನ್ನು ಗೆದ್ದು ಗಿರಿದುರ್ಗಮಲ್ಲನೆನಿಸಿಕೊಂಡ. ಮೇಲಿನಿಂದ ಸುತ್ತ ನೋಡಿದರೆ ಆ ಬಿರುದಿನ ಬೆಲೆ ಅರ್ಥವಾಗುತ್ತದೆ: ಯಾವ ದಿಕ್ಕಿನಿಂದ ದಂಡು ಬಂದರೂ ಅದರ ಧೂಳು ಬಹುದೂರದಲ್ಲೇ ಕಾಣಬೇಕು. ಹುಣ್ಣಿಮೆಯಲ್ಲದ ದಿನ, ಜನಸಂದಣಿ ಇಲ್ಲದ ಬೆಳಗಿನಲ್ಲಿ ಹೋದರೆ ಕೋಟೆಗೋಡೆಯ ಗುಂಟ ನಿಧಾನಕ್ಕೆ ನಡೆಯಬಹುದು. ಇದೇ ಗುಡ್ಡದ ಬುಡದಲ್ಲಿ ಭರತ ಹುಣ್ಣಿಮೆಯಂದು ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದ ಪದ್ಧತಿಯನ್ನೂ ಮರೆಯುವಂತಿಲ್ಲ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ 1982ರಲ್ಲೇ ಬಂದಿತ್ತು. ಆ ನಿಷೇಧವನ್ನು ಕಾಯಲು ಇಂದಿಗೂ ಜಾತ್ರೆಯಲ್ಲಿ ಕಣ್ಣಿಡಬೇಕಾಗಿದೆ. ಚೆಲುವನ್ನು ನೋಡಲು ಹೋದವರು ಆ ನೋವನ್ನೂ ತಿಳಿದಿರಬೇಕು.

ಹರಿಹರದ ಕಡೆಗೆ ಬರೋಣ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ತುಂಗಭದ್ರೆಯನ್ನು ಕೂಡುವ ಊರು, ಹಾಗಾಗಿ ಹಳೆಯ ಶಾಸನಗಳಿಗೆ ಇದು ಕೂಡಲೂರು. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ಗುಡಿಯ ನುಣುಪಾದ ಕಂಬಗಳಿಗೆ ಒರಗಿ ಕೂತರೆ ಹೊರಗಿನ ಬಿಸಿಲು ಮರೆತುಹೋಗುತ್ತದೆ. ಬಳಪದ ಕಲ್ಲು ಅದು. ನಮ್ಮ ಒಣಗುಡ್ಡಗಳಲ್ಲಿ ಹಾಯುವಂಥ ಶಿಲಾಪಟ್ಟಿಗಳಲ್ಲೇ ಆ ಕಲ್ಲು ಹುಟ್ಟುವುದು. ಹೊಳೆ ದಾಟಿದರೆ ಕುಮಾರಪಟ್ಟಣ. ಅಲ್ಲಿ ಮರದಿಂದ ತಿರುಳು ತೆಗೆದು ನೂಲಿಗೆ ಒದಗಿಸುವ ದೊಡ್ಡ ಕಾರ್ಖಾನೆ, ಹರಿಹರ ಪಾಲಿಫೈಬರ್ಸ್. ಒಣನೆಲದ ಕಥೆಯಲ್ಲಿ ಈ ಊರಿಗೆ ದೊಡ್ಡ ಜಾಗವಿದೆ, ಹೊಸ ಪೀಳಿಗೆಗೆ ಅದು ಹೆಚ್ಚು ಗೊತ್ತಿಲ್ಲ.

1984ರಲ್ಲಿ ರಾಜ್ಯ ಸರ್ಕಾರ ಈ ಕಾರ್ಖಾನೆಯೊಂದಿಗೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿತು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ನೆಲದಲ್ಲಿ ನೀಲಗಿರಿಯಂಥ ಮರ ಬೆಳೆಸಿ ಕಾರ್ಖಾನೆಗೆ ಕೊಡುವುದು ಉದ್ದೇಶ. ಕಾಗದದಲ್ಲಿ ಅದೆಲ್ಲ ಪಾಳು ನೆಲ. ಊರವರಿಗೆ ಅದು ದನದ ಮೇವು, ಒಲೆಯ ಸೌದೆ, ಔಷಧಿಯ ಬೇರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಜನರನ್ನು ಕೂಡಿಸಿತು. 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಯಲ್ಲಿರುವ ಕುಸನೂರಿನಲ್ಲಿ, ಹಳ್ಳಿಗರು ಕಂಪನಿ ನೆಟ್ಟ ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹವೆಂದು ಅದು ಹೆಸರಾಯಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಅರ್ಜಿಯಲ್ಲಿ ಜೊತೆಯಾದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ಒಣನೆಲ ಖಾಲಿ ನೆಲವಲ್ಲವೆಂದು ಈ ಸೀಮೆಯ ರೈತರು, ಹೆಣ್ಣುಮಕ್ಕಳು ಅಂದೇ ಸಾಧಿಸಿ ತೋರಿಸಿದ್ದರು. ನಾನು ನಡೆದಾಡಿ ಕಲಿತದ್ದನ್ನು ಅವರು ಬದುಕಿ ತಿಳಿದಿದ್ದರು.

ಆದರೆ ಎಲ್ಲ ಕಡೆಯೂ ಗೆಲುವಾಗಲಿಲ್ಲ. ಹರಿಹರಕ್ಕೆ ಸಮೀಪದ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿ ನೋಡಿ. 1974ರಲ್ಲಿ ಘೋಷಿಸಿದ 119 ಚದರ ಕಿಲೋಮೀಟರ್. ಕೃಷ್ಣಮೃಗ ಬಯಲಿನ ಓಟಗಾರ. ನಾಲ್ಕೂ ದಿಕ್ಕು ಕಣ್ಣಿಗೆ ತೆರೆದಿದ್ದರೆ ಮಾತ್ರ ಅದಕ್ಕೆ ನೆಮ್ಮದಿ, ವೇಗವೇ ಅದರ ಕಾವಲು. ಅಂಥ ಬಯಲಿನ ಬಹುಪಾಲನ್ನು ಹಿಂದಿನ ದಶಕಗಳಲ್ಲಿ ನೀಲಗಿರಿ ನೆಟ್ಟು ಮುಚ್ಚಿದರು. ಒಂದು ಕಾಲಕ್ಕೆ ಇಲ್ಲಿ ಎರೆಬೂತ ಹಕ್ಕಿಯೂ ಇತ್ತು, ಜೈಸಲ್ಮೇರಿನ ಮರುಭೂಮಿ ಉದ್ಯಾನ ಇಂದು ಕಷ್ಟಪಟ್ಟು ಉಳಿಸಿಕೊಳ್ಳುತ್ತಿರುವ ಅದೇ ಹಕ್ಕಿ. ಈಗ ರಾಣೇಬೆನ್ನೂರಿನಲ್ಲಿ ಅದಿಲ್ಲ. ನೀಲಗಿರಿಯ ಸಾಲುಗಳ ನಡುವೆ ನಡೆದಾಗ ನನಗೆ ಹಸಿರು ಕಂಡಿತು, ಆದರೆ ಹಕ್ಕಿಯ ದನಿ ಅಷ್ಟಾಗಿ ಕೇಳಲಿಲ್ಲ. ತೆರೆದ ಹುಲ್ಲುಗಾವಲು ಉಳಿದ ಕಡೆ ಬಂದೊಡನೆ ನೆಲಗುಬ್ಬಿಗಳು ಎದ್ದವು, ದೂರದಲ್ಲಿ ಕಪ್ಪುಬೆನ್ನಿನ ಗಂಡುಗಳು ತಲೆಯೆತ್ತಿದವು. 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೆಟ್ಟದ್ದನ್ನು ತೆಗೆದು ಹುಲ್ಲನ್ನು ಮರಳಿ ತರುವುದು ದೀರ್ಘಕಾಲದ ಕೆಲಸ. ಅದನ್ನು ಬೇಗ, ಪೂರ್ತಿಯಾಗಿ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಕಾರ್ತಿಕದಿಂದ ಫಾಲ್ಗುಣದವರೆಗೆ ಒಳ್ಳೆಯ ಕಾಲ. ಚೈತ್ರ ಬಂತೆಂದರೆ ಬಂಡೆ ಕಾದ ಹೆಂಚಾಗುತ್ತದೆ. ಬೆಳಕು ಹರಿಯುವ ಮುನ್ನ ಹೊರಡಿ, ಹನ್ನೊಂದರೊಳಗೆ ಏರು ಮುಗಿಸಿ. ತಲೆಗೊಂದು ಟವಲು, ತಲಾ ಮೂರು ಲೀಟರ್ ನೀರು ಇರಲಿ. ರಂಗಯ್ಯನದುರ್ಗಕ್ಕೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ, ಕರಡಿಯ ಸೀಮೆಯಲ್ಲಿ ಒಬ್ಬರೇ ನಡೆಯಬೇಡಿ, ನಾಯಿಯನ್ನು ಕರೆದೊಯ್ಯಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಬೆಂಕಿ. ಒಣಹುಲ್ಲಿನ ಗುಡ್ಡಕ್ಕೆ ಆರಿಸದ ಒಂದು ಬೀಡಿ ಸಾಕು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಹುಲ್ಲಿನಲ್ಲಿ ಅಡಗಿ ಕೂತ ಕೊಂಡುಕುರಿಯ ಮರಿ ಯಾವುದಕ್ಕೂ ಓಡಲು ದಾರಿ ಸಿಗುವುದಿಲ್ಲ. ಹೊಗೆ ಕಂಡರೆ ನಿಂತು ನೋಡಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ನಿಮ್ಮೂರಿನ ಗೋಮಾಳದಲ್ಲಿ, ಮರಡಿಯಲ್ಲಿ ಹಸಿರು ಮಾಡುತ್ತೇವೆಂದು ಯಾರಾದರೂ ಗುಂಡಿ ತೋಡಲು ಬಂದರೆ, ಯಾವ ಗಿಡ, ಯಾಕೆ, ಅಲ್ಲಿ ಈಗ ಏನಿದೆ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.